ಕಾಫಿ ತೋಟಕ್ಕೆ ಥಾರ್: ಎಲ್ಲಿ ಉಪಯೋಗ, ಎಲ್ಲಿ ತಲೆನೋವು

ಹಾನುಬಾಳಿನ ಕಡೆ ನಮ್ಮ ಕಾಫಿ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಮನೆ ಮುಟ್ಟಲು ಮೂರು ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಅಲ್ಲಿಗೆ ಯಾವ ಕಾರು ಬೇಕಾದರೂ ಬರುತ್ತದೆ. ಮಳೆಗಾಲದಲ್ಲಿ ಬರುವುದು ಮೂರೇ: ಟ್ರ್ಯಾಕ್ಟರ್, ಟೈರಿಗೆ ಚೈನ್ ಸುತ್ತಿದ ಜೀಪು, ಫೋರ್ ವೀಲ್ ಡ್ರೈವ್ ಇರುವ ಗಾಡಿ. ಟ್ರ್ಯಾಕ್ಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸಕಲೇಶಪುರದ ಶಾಲೆಗೆ ಬಿಡೋಕಾಗಲ್ಲ ಅಲ್ವಾ? ಹಾಗಾಗಿ ಮಹೀಂದ್ರಾ ಥಾರ್ ತಗೊಂಡೆ. 2020ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ತಲೆಮಾರಿನದು, ಮೂರು ಬಾಗಿಲಿನದು. ಡೀಸೆಲ್, ಮ್ಯಾನುಯಲ್ ಗೇರ್, ಹಾರ್ಡ್ ಟಾಪ್.

ಆಮೇಲೆ ನೆಂಟರು, ಅಕ್ಕಪಕ್ಕದ ತೋಟದವರು, ಬೆಂಗಳೂರಿನ ಗೆಳೆಯರು ಎಲ್ಲರೂ ಕೇಳುವುದು ಒಂದೇ: "ಗಾಡಿ ಹೇಗಿದೆ, ತಗೋಬಹುದಾ?" ನಾನು ತಿರುಗಿ ಕೇಳುತ್ತೇನೆ: ನೀವು ದಿನಾ ಓಡಾಡುವ ದಾರಿಯಲ್ಲಿ ಕೆಟ್ಟದ್ದು ಎಷ್ಟು ಕಿಲೋಮೀಟರ್? ಯಾಕೆಂದರೆ ಈ ಗಾಡಿಯ ಒಳ್ಳೆಯ ಗುಣ, ಕೆಟ್ಟ ಗುಣ ಅಂತ ಎರಡು ಪಟ್ಟಿ ಮಾಡಲು ಆಗುವುದಿಲ್ಲ. ಕೆಸರಿನಲ್ಲಿ ಯಾವುದು ನಮ್ಮನ್ನು ದಡ ಸೇರಿಸುತ್ತದೋ ಅದೇ ಹೈವೇನಲ್ಲಿ ಸೊಂಟ ಹಿಡಿಸುತ್ತದೆ.

ಮೊದಲಿಗೆ ಗಾಡಿಯ ಉದ್ದವನ್ನೇ ತಗೊಳ್ಳಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2450 ಮಿಲಿಮೀಟರ್. ನೆಲದಿಂದ ಹೊಟ್ಟೆಗೆ 226 ಮಿಲಿಮೀಟರ್. ಕಾಫಿ ಒಣಗಿಸುವ ನಮ್ಮ ಕಳದ ಹಿಂದೆ ಒಂದು ದಿಬ್ಬ ಇದೆ. ಮಳೆ ನೀರು ಕಳಕ್ಕೆ ನುಗ್ಗದ ಹಾಗೆ ಅಪ್ಪ ಮಣ್ಣು ಏರಿಸಿ ಕಟ್ಟಿಸಿದ್ದು. ಉದ್ದನೆಯ ಗಾಡಿಗಳು ಅದರ ನೆತ್ತಿ ಮೇಲೆ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತವೆ. ಥಾರ್ ಸುಮ್ನೆ ಹತ್ತಿ ಇಳಿಯುತ್ತದೆ. ಆದರೆ ಇದೇ ಗಿಡ್ಡ ಗಾಡಿ ಹಾಸನ ದಾಟಿ ಬೆಂಗಳೂರು ರಸ್ತೆಗೆ ಬಿದ್ದ ಮೇಲೆ ಪ್ರತಿ ಸೇತುವೆಯ ಜೋಡಣೆಗೂ ತಲೆ ಕುಣಿಸುತ್ತದೆ. ಮುಂದೆ ಕೂತವರಿಗೆ ಅಷ್ಟು ಗೊತ್ತಾಗಲ್ಲ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ ಕೂತಿರುತ್ತಾರೆ. ನನ್ನ ಚಿಕ್ಕ ಮಗಳಿಗೆ ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ವಾಂತಿ ಗ್ಯಾರಂಟಿ.

ಎತ್ತರದ್ದೂ ಇದೇ ಕಥೆ. ಎತ್ತರ ಇದ್ದರೆ ಕಲ್ಲು ತಾಗಲ್ಲ. ಎತ್ತರ ಇದ್ದರೆ ಎಪ್ಪತ್ತು ದಾಟಿದ ಅಮ್ಮನಿಗೆ ಹತ್ತಲೂ ಆಗಲ್ಲ. ಪಕ್ಕಕ್ಕೆ ಕಬ್ಬಿಣದ ಮೆಟ್ಟಿಲು ಹಾಕಿಸಿದೆ. ಮೆಟ್ಟಿಲು ಬಂದ ಮೇಲೆ ಬದಿಯ ಕಲ್ಲು, ದಿಬ್ಬ ಮೊದಲು ತಾಗುವುದು ಅದಕ್ಕೇ. ಒಂದು ಬದಿಯದು ಈಗ ಸೊಟ್ಟಗಾಗಿದೆ. ಇರಲಿ, ಅಮ್ಮ ಅದರ ಮೇಲೇ ಕಾಲಿಟ್ಟು ಹತ್ತುತ್ತಾರೆ. ಹಿಂದಿನ ಸೀಟಿಗೆ ಮಾತ್ರ ಅವರನ್ನು ಕೂರಿಸುವ ಹಾಗೇ ಇಲ್ಲ. ಮುಂದಿನ ಸೀಟು ಮಡಚಿ, ಬಗ್ಗಿ, ನುಸುಳಿ ಹೋಗಬೇಕು. ಹಾರ್ಡ್ ಟಾಪ್‌ನಲ್ಲಿ ಅಲ್ಲಿನ ಕಿಟಕಿ ತೆರೆಯೋದೂ ಇಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ, ಫೋರ್ ವೀಲ್ ಡ್ರೈವ್. ಇದನ್ನು ತಗೊಂಡವರಲ್ಲಿ ಎಷ್ಟೋ ಜನ ಆ ಚಿಕ್ಕ ಲಿವರನ್ನು ಮುಟ್ಟಿಯೇ ಇರುವುದಿಲ್ಲ. ಅದರಲ್ಲಿ ನಾಲ್ಕು ಜಾಗ: 2ಎಚ್, 4ಎಚ್, ನ್ಯೂಟ್ರಲ್, 4ಎಲ್. ಮಾಮೂಲಿ ಓಡಾಟಕ್ಕೆ 2ಎಚ್, ಆಗ ಹಿಂದಿನ ಚಕ್ರ ಮಾತ್ರ ತಳ್ಳುತ್ತದೆ. ಕೆಸರು ಶುರುವಾಗುವ ಮುಂಚೆ ನಾಲ್ಕೂ ಚಕ್ರ ತಳ್ಳುವ 4ಎಚ್ ಹಾಕಬೇಕು, ಸಿಕ್ಕಿಕೊಂಡ ಮೇಲಲ್ಲ. ನಮ್ಮ ಗೇಟಿನ ಹತ್ತಿರ ಟಾರು ಮುಗಿಯುವಲ್ಲೇ ನಾನು ಹಾಕಿಬಿಡುತ್ತೇನೆ. ವಾಪಸ್ ಟಾರಿಗೆ ಬಂದ ತಕ್ಷಣ ತೆಗೆಯುತ್ತೇನೆ. ಇದರಲ್ಲಿ ಮುಂದಿನ ಆಕ್ಸಲ್ಲಿಗೂ (ಎರಡು ಚಕ್ರ ಸೇರಿಸುವ ಅಚ್ಚು) ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನದಕ್ಕಿಂತ ಜಾಸ್ತಿ ದೂರ ಉರುಳಬೇಕು. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವೇ ಇಲ್ಲ. ಸ್ಟೀರಿಂಗ್ ಬಿಗಿಯಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಆ ಒತ್ತಡ ಎಲ್ಲಾ ಗೇರ್ ಬಾಕ್ಸಿನ ಹಲ್ಲುಗಳ ಮೇಲೆ.

4ಎಲ್ ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ ಗೇರು, ಅದನ್ನು ಗಾಡಿ ನಿಲ್ಲಿಸಿಯೇ ಹಾಕಬೇಕು. ಚಕ್ರಕ್ಕೆ ಹೋಗುವ ಬಲ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಕಡಿಮೆ. ಎಲ್ಲರೂ ಇದು ಹತ್ತಲಿಕ್ಕೆ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಬೇಕಾಗುವುದು ಇಳಿಯಲಿಕ್ಕೆ. ಜಂಬಿಟ್ಟಿಗೆಯ ಗಟ್ಟಿ ನೆಲ, ಅದರ ಮೇಲೆ ಎರಡು ಬೆರಳು ಜೇಡಿ ಮಣ್ಣು, ಮೇಲೆ ಮಳೆ. ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲಲ್ಲ. 4ಎಲ್‌ನಲ್ಲಿ ಮೊದಲ ಗೇರು ಹಾಕಿ, ಎರಡೂ ಕಾಲನ್ನು ಪೆಡಲ್‌ನಿಂದ ತೆಗೆದು ಕೂತರೆ, ಎಂಜಿನ್ನೇ ಹಿಡಿದುಕೊಂಡು ನಮ್ಮ ನಡಿಗೆಗಿಂತ ನಿಧಾನಕ್ಕೆ ಕೆಳಗಿಳಿಸುತ್ತದೆ. ಕಾಲು ಬ್ರೇಕಿನ ಕಡೆ ಹೋಗದ ಹಾಗೆ ತಡೆಯುವುದೇ ಕಷ್ಟ. ಹೆಬ್ಬೆರಳು ಸ್ಟೀರಿಂಗಿನ ಒಳಗೆ ಸಿಕ್ಕಿಸಿ ಹಿಡಿಯಬೇಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ತಿರುಗಿ ಬೆರಳಿಗೆ ಹೊಡೆಯುತ್ತದೆ. ಕೊಡಚಾದ್ರಿಗೆ ಜನ ಹತ್ತಿಸುವ ಜೀಪಿನವರ ಪಕ್ಕ ಕೂತು ನೋಡಿ, ಇಂಥದ್ದೆಲ್ಲ ಅಲ್ಲಿ ಕಾಣಿಸುತ್ತದೆ.

ಇನ್ನೊಂದು ಸಂಗತಿ ಹಿಂದಿನ ಆಕ್ಸಲ್ಲಿನ ಲಾಕ್. ಇದು ಎಲ್ಲಾ ಮಾದರಿಯಲ್ಲೂ ಬರುವುದಿಲ್ಲ. ತಗೊಳ್ಳುವಾಗ ಕೇಳಿಕೊಂಡು, ಕಾಗದದಲ್ಲಿ ನೋಡಿಕೊಂಡು ತಗೊಳ್ಳಿ. ಸಾಮಾನ್ಯ ಗಾಡಿಯಲ್ಲಿ ಒಂದು ಹಿಂದಿನ ಚಕ್ರ ಗುಂಡಿಗೆ ಬಿದ್ದು ಗಿರಗಿರ ತಿರುಗಿದರೆ ಎಂಜಿನ್ನಿನ ಶಕ್ತಿಯೆಲ್ಲ ಅದಕ್ಕೇ ಸೋರಿ ಹೋಗುತ್ತದೆ. ಗಟ್ಟಿ ನೆಲದಲ್ಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಇಲ್ಲಿನ ಲಾಕ್‌ಗೆ ಸ್ವಿಚ್ಚಿಲ್ಲ, ತಾನೇ ಬೀಳುತ್ತದೆ. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಜಾಸ್ತಿ ತಿರುಗಿದಾಗ ಕೆಳಗಿಂದ "ಟಕ್" ಅಂತ ಒಂದು ಸದ್ದು, ಆಮೇಲೆ ಎರಡೂ ಚಕ್ರ ಒಟ್ಟಿಗೆ ಕಚ್ಚುತ್ತವೆ. ಇಲ್ಲೇ ಹೊಸಬರು ಎಡವುವುದು. ಚಕ್ರ ತಿರುಗಿದ್ದು ಕಂಡು ಹೆದರಿ ಆಕ್ಸಿಲರೇಟರ್ ಬಿಡುತ್ತಾರೆ, ಲಾಕ್ ಬೀಳುವುದೇ ಇಲ್ಲ. ಜೋರಾಗಿ ತುಳಿದರೂ ತಪ್ಪು, ಕೆಸರು ಮನೆ ಗೋಡೆಗೆ ಹಾರುತ್ತದೆ, ಗುಂಡಿ ಇನ್ನೂ ಆಳವಾಗುತ್ತದೆ. ಒಂದೇ ಹದದಲ್ಲಿ ಸ್ವಲ್ಪ ತುಳಿದು, ಆ ಸದ್ದು ಬರುವವರೆಗೆ ಕಾಯಬೇಕು. ಕಾಫಿಗೆ ಸುಣ್ಣ ತರುವಾಗ ತೋಡಿನ ಪಕ್ಕದ ಏರಿನಲ್ಲಿ ನನಗೆ ಇದು ಕೈ ಕೊಟ್ಟದ್ದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಲೇಬೇಕು. ಟೈರು ಸರಿ ಇಲ್ಲದಿದ್ದರೆ ಈ ಸಲಕರಣೆಯೆಲ್ಲ ಶೋಕಿಗೆ ಅಷ್ಟೇ. ನನ್ನದಕ್ಕೆ 18 ಇಂಚಿನ ಆಲ್ ಟೆರೇನ್ ಟೈರು ಬಂದಿತ್ತು. ಜಲ್ಲಿ, ಕಲ್ಲು, ಹುಲ್ಲು, ಮರಳು ಎಲ್ಲದಕ್ಕೂ ಒಳ್ಳೆಯದು. ಜೇಡಿ ಮಣ್ಣಿಗೆ ಅಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಹಲ್ಲುಗಳ ಸಂದಿ ತುಂಬಿ ಟೈರು ನುಣ್ಣಗೆ ಹೋಳಿಗೆ ಕಣಕದ ಹಾಗೆ ಆಗುತ್ತದೆ. ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಜಾಸ್ತಿ ಸಿಗುತ್ತದೆ. ಅದಕ್ಕೆ ಒಂದು ಗಾಳಿ ಮೀಟರ್, ಹನ್ನೆರಡು ವೋಲ್ಟಿನ ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇಟ್ಟಿದ್ದೇನೆ. ವಾಪಸ್ ಟಾರಿಗೆ ಬಂದು ಗಾಳಿ ತುಂಬದೆ ವೇಗವಾಗಿ ಓಡಿಸಿದರೆ ಟೈರು ಬಿಸಿಯಾಗಿ ಹಾಳಾಗುತ್ತದೆ. ಮಡ್ ಟೆರೇನ್ ಟೈರು ಹಾಕಿಸಬಹುದು, ಆದರೆ ಟಾರಿನ ಮೇಲೆ ಅದರ ಗುಂಯ್ ಸದ್ದು ಕೇಳಿಕೊಂಡು ಬೆಂಗಳೂರಿಗೆ ಹೋಗಲು ನನಗೆ ತಾಳ್ಮೆಯಿಲ್ಲ.

ನಮ್ಮ ಕಡೆಯ ಹಳೇ ಜೀಪಿನವರು ಇದನ್ನೆಲ್ಲ ನೋಡಿ ನಗುತ್ತಾರೆ. ಬರೀ ಹಿಂದಿನ ಚಕ್ರ ತಳ್ಳುವ ಜೀಪಿನ ಟೈರಿಗೆ ಕಬ್ಬಿಣದ ಚೈನ್ ಸುತ್ತಿ, ಆಳುಗಳನ್ನು ತುಂಬಿಕೊಂಡು, ನಾನು ಎರಡು ಸಲ ಯೋಚಿಸುವ ಏರನ್ನು ಹತ್ತಿಬಿಡುತ್ತಾರೆ. ಕಡೇ ಪಕ್ಷ ಜುಲೈ ತಿಂಗಳ ಜೇಡಿ ಮಣ್ಣಿನಲ್ಲಿ ಚೈನ್ ಹಾಕಿದ ಜೀಪಿನ ಮುಂದೆ ಹೊಸ ಗಾಡಿಯ ಪೌರುಷ ನಡೆಯಲ್ಲ. ಆದರೆ ಟಾರು ಬಂದ ಕೂಡಲೇ ಮಳೆಯಲ್ಲಿ ಇಳಿದು ಚೈನ್ ಬಿಚ್ಚಬೇಕು. ನನಗೆ ಲಿವರ್ ಎಳೆದರೆ ಸಾಕು.

ನೀರಿನ ಲೆಕ್ಕ ಬೇರೆ. ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಅಂತ ಕಂಪನಿ ಹೇಳುತ್ತದೆ. ಅಂದರೆ ಮೊಣಕಾಲಿಗಿಂತ ಮೇಲೆ. ಆ ಸಂಖ್ಯೆ ಆಳದ್ದು, ಹರಿವಿನ ರಭಸದ್ದಲ್ಲ. ಹರಿಯುವ ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೆಳಗಿನ ಕಲ್ಲು ಕಾಣುವುದಿಲ್ಲ. ಕೋಲು ಹಿಡಿದು ನಡೆದು ನೋಡದೆ ನಾನು ಗಾಡಿ ಇಳಿಸಲ್ಲ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಿ ಒಣಗಿಸಬೇಕು. ಹಿಂದಿನದು ಡ್ರಮ್ ಬ್ರೇಕ್, ಒಳಗೆ ಹೋದ ನೀರು, ಕೆಸರು ಬೇಗ ಹೊರಗೆ ಬರಲ್ಲ.

ತೋಟದ ಕೆಲಸಕ್ಕೆ ಆಗುತ್ತದಾ ಅಂತ ಕೇಳಿದರೆ, ಆಗಲ್ಲ. ಹಿಂದಿನ ಸೀಟು ನೆಟ್ಟಗಿದ್ದರೆ ಮಾರ್ಕೆಟ್ಟಿನ ಎರಡು ಚೀಲಕ್ಕೇ ಜಾಗ ಮುಗಿಯಿತು. ಸೀಟು ಮಡಚಿದರೆ ಗೊಬ್ಬರದ ಮೂಟೆ ನಾಲ್ಕೋ ಐದೋ ಹಿಡಿಯಬಹುದು. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಅದರ ಮೇಲೆ ಸ್ಟೆಪ್ನಿ ಬೇರೆ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಆ ಬಾಗಿಲನ್ನು ಒಬ್ಬರು ಹಿಡಿದುಕೊಳ್ಳಬೇಕು. ಕೊಯ್ಲಿನ ಸಮಯಕ್ಕೆ ಪಿಕಪ್ಪೇ ಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಥಾರ್ ಜನ ಸಾಗಿಸುವ ಗಾಡಿ, ಅದೂ ನಾಲ್ಕೇ ಜನ. ರಾತ್ರಿ ಹನ್ನೊಂದಕ್ಕೆ ತೋಟದ ಲೆಕ್ಕ ನೋಡುವ ರೈಟರ ಹೆಂಡತಿಗೆ ಹೆರಿಗೆ ನೋವು ಬಂದಾಗ, ಮರ ಬಿದ್ದು ಕರೆಂಟಿಲ್ಲದ ದಿನಗಳಲ್ಲಿ ಪೇಟೆಗೆ ಹೋಗಿ ಬರಬೇಕಾದಾಗ, ಅದರ ಬೆಲೆ ಅಲ್ಲಿ ವಸೂಲಾಗುತ್ತದೆ.

ಡೀಸೆಲ್ಲು ತಾನೇ, ಕುಡಿಯುವುದು ಕಡಿಮೆ ಅಂದುಕೊಳ್ಳಬೇಡಿ. ಹೈವೇನಲ್ಲಿ 90 ದಾಟದೆ ಓಡಿಸಿದರೆ ನನಗೆ ಲೀಟರಿಗೆ 13ರ ಆಸುಪಾಸು. ತೋಟದೊಳಗೆ 4ಎಲ್‌ನಲ್ಲಿ ತೆವಳುವ ದಿನ ಏಳಕ್ಕೂ ಇಳಿಯುತ್ತದೆ. ಚೌಕಾಕಾರದ ಗಾಡಿ, ಒಂದೂಮುಕ್ಕಾಲು ಟನ್ನಿನ ಹತ್ತಿರ ತೂಕ, ಇನ್ನೇನಾಗುತ್ತದೆ? ಘಾಟಿಯಲ್ಲಿ ಮಾತ್ರ ಖುಷಿ. 2.2 ಲೀಟರ್ ಎಂಜಿನ್ನಿನ 300 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಎಂಜಿನ್ ನಿಧಾನ ತಿರುಗುವಾಗಲೇ ಸಿಗುವುದರಿಂದ ಶಿರಾಡಿಯಲ್ಲಿ ಲಾರಿ ಹಿಂದೆ ಬಿದ್ದರೂ ಪದೇ ಪದೇ ಗೇರ್ ಇಳಿಸಬೇಕಿಲ್ಲ. ತಿರುವಿಗೆ ಜೋರಾಗಿ ಹೋದರೆ ಇಡೀ ಗಾಡಿ ವಾಲುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದದ್ದು ನೋಡಿಯೇ ಮನೆಯವಳು ಹೂಂ ಅಂದಿದ್ದು.

ಮಳೆಗಾಲ ಮುಗಿದ ಮೇಲೆ ಒಂದು ಕೆಲಸ ಬಿಡುವಂತಿಲ್ಲ. ಗಾಡಿಯ ಹೊಟ್ಟೆ ತೊಳೆಸಬೇಕು. ಸರ್ವಿಸ್ ಸೆಂಟರಿನಲ್ಲಿ ಮೇಲೆ ಫಳಫಳ ಮಾಡಿ ಕೊಡುತ್ತಾರೆ, ಚಾಸಿಯ ಸಂದಿಯಲ್ಲಿ ಕೆಂಪು ಮಣ್ಣು ಹಾಗೇ ಇರುತ್ತದೆ. ನಾನು ಸ್ಪ್ರೇ ಮೋಟರಿನ ಪೈಪ್ ಹಿಡಿದು ಮಲಗಿಕೊಂಡೇ ತೊಳೆಯುತ್ತೇನೆ. ಬ್ರೇಕ್ ಡ್ರಮ್ ಬಿಚ್ಚಿಸಿ ಮಣ್ಣು ತೆಗೆಸುತ್ತೇನೆ. ಆಕ್ಸಲ್ ಎಣ್ಣೆಯ ಬಣ್ಣ ನೋಡುತ್ತೇನೆ, ಹಾಲು ಕಲಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಬದಲಿಸಲೇಬೇಕು. ಒಳಗಿನ ನೆಲವನ್ನು ಪೈಪಿನಿಂದಲೇ ತೊಳೆಯಬಹುದು, ನೀರು ಹೋಗಲು ಕೆಳಗೆ ಬಿರಡೆ ಇದೆ. ಮ್ಯಾಟಿನಡಿ ಇಂಬಳ ಅಡಗಿ ಕೂತಿರುತ್ತವೆ, ಚಪ್ಪಲಿ ಹಾಕಿಕೊಂಡು ಹತ್ತುವವರು ನೋಡಿಕೊಳ್ಳಿ.

ಬೇರೆ ಏನಿದೆ ಅಂದರೆ, 2023ರಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿ ಇದೆ. ತೂಕ ಸುಮಾರು 1.2 ಟನ್. ಮೆತ್ತನೆ ಕೆಸರಿನಲ್ಲಿ ಹಗುರ ಗಾಡಿ ಹೂತುಕೊಳ್ಳುವುದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ತಳ್ಳಬಹುದು. ಥಾರ್ ಹೂತರೆ ಟ್ರ್ಯಾಕ್ಟರ್ ಕರೆಯಬೇಕು. ಆದರೆ ಜಿಮ್ನಿ ಪೆಟ್ರೋಲ್ ಮಾತ್ರ, ಜನ ತುಂಬಿಕೊಂಡು ಏರು ಹತ್ತುವಾಗ 1.5 ಲೀಟರಿನ ಎಂಜಿನ್ ಏದುಸಿರು ಬಿಡುತ್ತದೆ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಆಕ್ಸಲ್ಲಿಗೆ ಲಾಕ್ ಇದೆ, ಕೆಸರಿಗೆ ಇವೆರಡಕ್ಕಿಂತ ಗಟ್ಟಿ. ನಮ್ಮ ಕಡೆ ಅದನ್ನು ಬಲ್ಲ ಮೆಕ್ಯಾನಿಕ್ ಸಿಗುವುದು ಕಷ್ಟ ಅಂತ ನಾನು ಬಿಟ್ಟೆ. 2024ರ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಅಮ್ಮನ ಸಮಸ್ಯೆ, ಮಗಳ ಸಮಸ್ಯೆ ಎರಡೂ ಕಡಿಮೆಯಾಗುತ್ತವೆ. ಆದರೆ ಚಕ್ರದಿಂದ ಚಕ್ರಕ್ಕೆ 2850 ಮಿಲಿಮೀಟರ್, ನಮ್ಮ ಕಳದ ದಿಬ್ಬದಲ್ಲಿ ಅದು ಹೊಟ್ಟೆ ಉಜ್ಜಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಒಂದು ಕಿವಿಮಾತು. 2023ರ ಜನವರಿಯಿಂದ ಬರೀ ಹಿಂದಿನ ಚಕ್ರ ತಳ್ಳುವ ಥಾರ್ ಕೂಡ ಬಂದಿದೆ, ಬೆಲೆ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಗೇರಿನ ಪಕ್ಕ ಎರಡನೇ ಲಿವರ್ ಇದೆಯಾ ಅಂತ ನೋಡಿ. ಇದ್ದರೆ ಹತ್ತು ಮೀಟರ್ ಮಣ್ಣಿನ ಮೇಲೆ 4ಎಲ್ ಹಾಕಿ ಓಡಿಸಿ ತೋರಿಸಲು ಹೇಳಿ. ವರ್ಷಗಟ್ಟಲೆ ಮುಟ್ಟದ ಲಿವರ್ ಬಿಗಿದುಕೊಂಡಿರುತ್ತದೆ. ನೂಕಿದರೂ ಹೋಗದಿದ್ದರೆ ಅಲ್ಲಿಂದಲೇ ಬೆಲೆ ಇಳಿಸುವ ಮಾತು ಶುರು ಮಾಡಿ.