ವಿಕೋಪ ಬಂದರೆ ಯಾರಿಗೆ ಹೆಚ್ಚು ಪೆಟ್ಟು? ದುರ್ಬಲತೆಯ ನಕ್ಷೆ ಮಾಡುವ ಬಗೆ

ನೆರೆ ಎಲ್ಲಿಗೆ ನುಗ್ಗುತ್ತದೆ ಎಂಬುದು ಒಂದು ನಕ್ಷೆ, ನುಗ್ಗಿದಾಗ ಯಾರಿಗೆ ಎದ್ದು ಹೋಗಲಾಗುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಮೊದಲೇ ಕಲಸಿಬಿಟ್ಟರೆ ದಿಬ್ಬದ ಮೇಲಿನ ಬಡವರ ಕೇರಿ, ಹೊಳೆದಂಡೆಯ ಉಳ್ಳವರ ಬಡಾವಣೆ ಒಂದೇ ಬಣ್ಣದಲ್ಲಿ ಕಾಣುತ್ತವೆ. ಹಾಗಾಗಿ ಅಪಾಯ, ಅಲ್ಲಿರುವ ಜನ ಮತ್ತು ಮನೆಗಳು, ದುರ್ಬಲತೆ ಈ ಮೂರು ಪದರಗಳನ್ನು ಕೊನೆಯವರೆಗೂ ಬೇರೆಯಾಗಿಯೇ ಇಡಿ.

ತಂತ್ರಾಂಶಕ್ಕೆ, ನಕ್ಷೆ ಮಾಡಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ಸಾಕು. ಮೊದಲು ಎಲ್ಲ ಪದರಗಳನ್ನೂ ಮೀಟರ್ ಅಳತೆಯ ಒಂದೇ ಪ್ರೊಜೆಕ್ಷನ್‌ಗೆ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮಕ್ಕೆ (ಉದಾಹರಣೆಗೆ ಯುಟಿಎಂ), ತನ್ನಿ. ಅಕ್ಷಾಂಶ-ರೇಖಾಂಶದಲ್ಲೇ ಬಿಟ್ಟರೆ ದೂರ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದು, ಇಳಿಜಾರು ಅಳೆಯುವಾಗ ಬಯಲು ನೆಲವೂ ಹೆಚ್ಚುಕಡಿಮೆ 90 ಡಿಗ್ರಿಯ ಗೋಡೆಯಂತೆ ಲೆಕ್ಕಕ್ಕೆ ಬರಬಹುದು. ಉಚಿತವಾಗಿ ಸಿಗುವ, 30 ಮೀಟರಿಗೊಂದರಂತೆ ನೆಲದ ಎತ್ತರ ಹೇಳುವ ದತ್ತಾಂಶದಲ್ಲಿ ಮರದ ತಲೆ, ಕಟ್ಟಡದ ತಾರಸಿಯೂ ಸೇರಿರಬಹುದು. ಒಂದು ಬೀದಿಯ ನೀರು ಎತ್ತ ಹರಿಯುತ್ತದೆ ಎಂದು ಅದರಿಂದ ಹೇಳಲು ಹೋಗಬೇಡಿ.

ದುರ್ಬಲತೆಯನ್ನು ಅಳೆಯುವ ಸೂಚಕಗಳು 8ರಿಂದ 12 ಇರಲಿ: 65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಅಂಗವಿಕಲರು, ಗೋಡೆ ಮತ್ತು ಚಾವಣಿ ಯಾವುದರದು, ಆಸ್ಪತ್ರೆಗೆ ರಸ್ತೆಯ ದೂರ, ಸಾಕ್ಷರತೆ, ಇಂಥವು. ಎರಡು ಸೂಚಕಗಳ ಸಹಸಂಬಂಧ (ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, ಗರಿಷ್ಠ 1) 0.8 ದಾಟಿದರೆ ಒಂದನ್ನು ಬಿಡಿ. ಇಲ್ಲದಿದ್ದರೆ ಒಂದೇ ಬಡತನವನ್ನು ಎರಡು ಸಲ ಎಣಿಸಿದಂತೆ.

ಆಮೇಲೆ ಎಲ್ಲವನ್ನೂ 0ರಿಂದ 1ರ ಅಳತೆಗೆ ಇಳಿಸಬೇಕು. ವಾರ್ಡುಗಳಲ್ಲಿ ಸಾಕ್ಷರತೆ ಕನಿಷ್ಠ ಶೇ. 42, ಗರಿಷ್ಠ ಶೇ. 90 ಇದ್ದು, ಒಂದು ವಾರ್ಡಿನದು ಶೇ. 54 ಎನ್ನಿ. 54ರಲ್ಲಿ 42 ಕಳೆದರೆ 12. ಅದನ್ನು ಗರಿಷ್ಠ-ಕನಿಷ್ಠಗಳ ಅಂತರವಾದ 48ರಿಂದ ಭಾಗಿಸಿದರೆ 0.25. ಇಲ್ಲಿಗೇ ನಿಲ್ಲಿಸಿದರೆ ಕೆಟ್ಟಿತು. ಓದು ಹೆಚ್ಚಿದ್ದಷ್ಟೂ ದುರ್ಬಲತೆ ಕಡಿಮೆ, ಆದ್ದರಿಂದ 1ರಿಂದ ಕಳೆದು 0.75 ಎಂದು ಬರೆಯಬೇಕು. ಈ ತಿರುಗಿಸುವಿಕೆಯನ್ನು ಮರೆತರೂ ನಕ್ಷೆ ಚೆನ್ನಾಗಿಯೇ ಮೂಡುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಈ ಅಂಕಗಳನ್ನು ಕೂಡಿಸಿ ವಾರ್ಡಿನ ದುರ್ಬಲತೆ ಲೆಕ್ಕ ಹಾಕುವಾಗ, ಒಂದೊಂದು ಸೂಚಕಕ್ಕೂ ಕೊಡುವ ತೂಕ (ಪ್ರಾಮುಖ್ಯ) ಮೊದಲು ಸಮನಾಗಿರಲಿ. ನಂತರ ಒಂದೊಂದನ್ನೇ ಶೇ. 20ರಷ್ಟು ಏರಿಸಿ, ಇಳಿಸಿ ನೋಡಿ. ಅಷ್ಟಕ್ಕೇ ಅತಿ ದುರ್ಬಲರ ಮೊದಲ ಸಾಲಿನಿಂದ ಜಾರುವ ವಾರ್ಡುಗಳನ್ನು ಗುರುತು ಹಾಕಿಕೊಳ್ಳಿ. ಬಣ್ಣ ಹಚ್ಚುವಾಗ ಪ್ರತಿ ವರ್ಗಕ್ಕೂ ಒಂದೇ ಸಂಖ್ಯೆಯ ವಾರ್ಡು ಬರುವಂತೆ ಐದು ವರ್ಗ ಮಾಡಿದರೆ, ಊರೆಲ್ಲ ಸುಸ್ಥಿತಿಯಲ್ಲಿದ್ದರೂ ಐದರಲ್ಲೊಂದು ಭಾಗ ಕಡುಗೆಂಪಾಗುತ್ತದೆ.

ದತ್ತಾಂಶವಿಲ್ಲದ ಜಾಗಕ್ಕೆ ಸೊನ್ನೆ ಹಾಕಲೇಬೇಡಿ, ಬೂದು ಗೆರೆ ಎಳೆಯಿರಿ. ಗಣತಿಗೆ ಸಿಗದ ಗುಡಿಸಲುಗಳು ಎಷ್ಟೋ ಸಲ ಅಲ್ಲೇ ಇರುತ್ತವೆ. ಸೊನ್ನೆ ಹಾಕಿದರೆ ಅವರೇ ಎಲ್ಲರಿಗಿಂತ ಸುರಕ್ಷಿತರು ಎಂದು ನಕ್ಷೆ ಹೇಳುತ್ತದೆ. ಕೊನೆಗೆ ಹಿಂದಿನ ಹಾನಿಯ ದಾಖಲೆಗಳನ್ನು ಮೇಲೆ ಹಾಸಿ, ತಾಳೆಯಾಗದ ಜಾಗಗಳಿಗೆ ನಡೆದು ಹೋಗಿ, ನೀರು ಎಲ್ಲಿಯವರೆಗೆ ಬಂದಿತ್ತು, ಯಾರನ್ನು ಹೊತ್ತು ಸಾಗಿಸಬೇಕಾಯಿತು ಎಂದು ಅಲ್ಲಿಯವರನ್ನೇ ಕೇಳಿ.