ಹಳೇ ಚಿಕ್ಕ ಫ್ಲಾಟ್ ರಿನೋವೇಶನ್: ಏನ್ ಮಾಡ್ಸಬೇಕು, ಏನ್ ಮುಟ್ಟಬಾರ್ದು

ಮೊದಲ್ನೇದು, ನೆಲ ಒಡೀಬೇಡಿ. ಮಲ್ಲೇಶ್ವರಂ, ಜಯನಗರ ಕಡೆ ಹಳೇ ಫ್ಲಾಟ್‌ಗಳಲ್ಲಿ ಮೊಸಾಯಿಕ್ ಇಲ್ಲಾ ರೆಡ್ ಆಕ್ಸೈಡ್ ಇರತ್ತೆ, ಕಂಟ್ರಾಕ್ಟರ್ ಬಂದೋನೇ "ಸಾರ್ ಇದೆಲ್ಲಾ ಹಳೇದಾಯ್ತು, ವಿಟ್ರಿಫೈಡ್ ಟೈಲ್ಸ್ ಹಾಕ್ಬಿಡೋಣ" ಅಂತಾನೆ. ನಮ್ಮನೇಲೂ ಅದೇ ಆಯ್ತು. ನಾನು ಒಪ್ಲಿಲ್ಲ, ಪಾಲಿಶ್ ಮಿಷಿನ್ ತರ್ಸಿ ಬೀರು ಇದ್ದ ಮೂಲೇಲಿ 2 ಅಡಿ ಉಜ್ಜಿಸಿ ನೋಡ್ದೆ, ಕೊಳೆಯೆಲ್ಲಾ ಬೂದಿ ಬಣ್ಣದ ನೀರಾಗಿ ಹರಿದು ಕೆಳಗಿಂದ ಹಸಿರು, ಕಪ್ಪು, ಬಿಳಿ ಕಲ್ಲಿನ ಚೂರು ಹೊಳೆಯೋಕೆ ಶುರುವಾಯ್ತು. ಅಮ್ಮ ಬಗ್ಗಿ ಕೈಯಾಡ್ಸಿ "ಗೃಹಪ್ರವೇಶದ ದಿನ ಹಿಂಗೇ ಇತ್ತು ಕಣೋ" ಅಂದ್ರು. ಬಿರುಕಿಗೆ ವೈಟ್ ಸಿಮೆಂಟಲ್ಲಿ ಬಣ್ಣ ಕಲ್ಸಿ ತುಂಬ್ತಾರೆ. ಪಾಲಿಶ್ ಮಾತ್ರ ಪೇಂಟಿಂಗ್‌ಗಿಂತ ಮುಂಚೆ ಮುಗಿಸ್ಕೊಳ್ಳಿ, ಆ ರಾಡಿ ನೀರು ಗೋಡೆಗೆಲ್ಲಾ ಸಿಡಿಯತ್ತೆ.

ಗೋಡೆ ತೇವ ಇದ್ರೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡ್ಕಿ, ಸಾಮಾನ್ಯವಾಗಿ ಮೇಲ್ಮನೆ ಬಾತ್‌ರೂಮು ಇಲ್ಲಾ ಟೆರೇಸು. ಅದನ್ನ ಬಿಟ್ಟು ಪುಟ್ಟಿ ಬಳಿದ್ರೆ ಒಂದೇ ಮಳೆಗಾಲಕ್ಕೆ ಹಪ್ಪಳದ ಥರ ಉಬ್ಬತ್ತೆ.

ವೈರಿಂಗ್ ಹಳೇದಾಗಿದ್ರೆ ಈಗ್ಲೇ ಬದಲಾಯ್ಸಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್, ಎಸಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು). ಇದು ಯಾರ ಕಣ್ಣಿಗೂ ಕಾಣಲ್ಲ, ಆದ್ರೆ ಸೋಫಾಗಿಂತ ಮುಂಚೆ ದುಡ್ಡು ಇಲ್ಲೇ ಹೋಗ್ಬೇಕು.

ಓಪನ್ ಕಿಚನ್ ಆಸೆಗೆ ಗೋಡೆ ಒಡ್ಸೋಕೆ ಹೋಗ್ಬೇಡಿ, ಪಿಲ್ಲರ್ ಇಲ್ದಿರೋ ಕಟ್ಟಡ ಆದ್ರೆ ಆ ಗೋಡೇನೇ ಮೇಲ್ಮನೆ ಭಾರ ಹೊತ್ತಿರತ್ತೆ, ಸ್ಟ್ರಕ್ಚರಲ್ ಇಂಜಿನಿಯರ್ ನೋಡ್ದೆ ಸುತ್ತಿಗೆ ಎತ್ತಬಾರ್ದು. ಜಾಗ ಬೇಕಾದ್ರೆ ಬಾಗಿಲು ನೋಡಿ: 2.5 ಅಡಿ ಬಾಗಿಲು ತೆರೆದು ಮುಚ್ಚೋಕೇ ಸುಮಾರು 5 ಚದರಡಿ ಹೋಗತ್ತೆ, ಸ್ಲೈಡಿಂಗ್ ಮಾಡ್ಸಿದ್ರೆ ಅಷ್ಟೂ ವಾಪಸ್.

ಅಡುಗೆಮನೆ ಕಡಪ ಕಲ್ಲಿನ ಶೆಲ್ಫು ಕಿತ್ತುಹಾಕ್ಬೇಡಿ, ಮುಂದೆ ಶಟರ್ ಮಾತ್ರ ಕೂರ್ಸಿ, ನೀರು ಬಿದ್ರೂ ಕಲ್ಲು ಪ್ಲೈವುಡ್ ಥರ ಕೊಳೆಯಲ್ಲ. ಸಿಂಕ್ ಕೆಳಗೆ ಪ್ಲೈ ಹಾಕ್ಲೇಬೇಕು ಅಂದ್ರೆ ಐಎಸ್ 710 ಸೀಲ್ ಇರೋದೇ (ನೀರು ತಡ್ಕೊಳ್ಳೋ ಮರೀನ್ ಪ್ಲೈ) ತಗೊಳ್ಳಿ, ವಾರ್ಡ್‌ರೋಬಿಗೆ ಐಎಸ್ 303 (ಮಾಮೂಲಿ ಪ್ಲೈ) ಸಾಕು. ಲಾಫ್ಟಿಗೂ ಗೋಡೆ ಬಣ್ಣದ್ದೇ ಶಟರ್ ಹಾಕ್ಸಿದ್ರೆ ಅದೊಂದು ಇದೆ ಅಂತಾನೇ ಗೊತ್ತಾಗಲ್ಲ (ಒಳಗೆ ಅಮ್ಮನ ಸ್ಟೀಲ್ ಡಬ್ಬಿಗಳು ಆರಾಮಾಗಿವೆ, ಬಿಸಾಕೋ ಮಾತು ಎತ್ತೋ ಹಾಗಿಲ್ಲ).

ಸೀಲಿಂಗ್ 9.5 ಅಡಿ ಇದ್ರೆ ಫಾಲ್ಸ್ ಸೀಲಿಂಗ್ ನನ್ನ ಕೇಳಿದ್ರೆ ಬೇಡ, ಫ್ಯಾನು ತಲೆ ಮೇಲೇ ಬಂದಂಗಾಗತ್ತೆ. ಹಾಲ್‌ನಲ್ಲಿರೋ 6500 ಕೆಲ್ವಿನ್ ಬಿಳಿ ಟ್ಯೂಬ್‌ಲೈಟ್ ಬದಲು ಮೂಲೆ ಮೂಲೇಲಿ 3000 ಕೆಲ್ವಿನ್‌ದು, ಅಂದ್ರೆ ಹಳದಿ ಬೆಳಕಿಂದು, ಎರಡು ಮೂರು ಲ್ಯಾಂಪ್ ಇಟ್ಟು ನೋಡಿ, ಅದೇ ರೂಮಾ ಅನ್ಸತ್ತೆ.

ಕರ್ಟನ್ ರಾಡ್ ಕಿಟಕಿ ಮೇಲಲ್ಲ, ಸೀಲಿಂಗ್ ಹತ್ರ ಹೊಡ್ಸಿ, ಬಟ್ಟೆ ನೆಲದವರೆಗೂ ಇಳೀಲಿ, ರೂಮು ಎತ್ತರ ಕಾಣತ್ತೆ. ಚಿಕ್ಕಪೇಟೆಗೆ ಹೋಗೋಕೆ ಮುಂಚೆ ಟೇಪ್ ಹಿಡಿದು ಅಳತೆ ಬರ್ಕೊಳ್ಳಿ, ಅಂಗಡಿಯೋರು "7 ಅಡಿ ಸಾಕು ಸಾರ್" ಅಂದ್ರೂ ಕೇಳ್ಬೇಡಿ. ಕಾಟನ್ ಆದ್ರೆ ಹೊಲಿಯೋಕೆ ಕೊಡೋ ಮುಂಚೆ ಒಂದ್ಸಲ ನೀರಲ್ಲಿ ನೆನ್ಸಿ ಒಣಗ್ಸಿ. ನಂದು ಮೊದಲನೇ ಒಗೆತಕ್ಕೇ ಪಾದದಿಂದ ಮೊಣಕಾಲಿಗೆ ಏರ್ತು.