ಗದ್ದ ಎದೆಗೆ ಹಚ್ಚು

ನಮ್ಮ ಹೈಸ್ಕೂಲು ಇರುವುದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೃಷ್ಣಾ ಹೊಳೆ ದೂರವಿಲ್ಲ, ಸುತ್ತ ಕಬ್ಬು. ಮೈದಾನ ದೊಡ್ಡದೇ, ಆದರೆ ಎರೆ ಮಣ್ಣು. ಮಳೆ ಬಂದರೆ ಚಪ್ಪಲಿಗೆ ಕಿಲೋಗಟ್ಟಲೆ ಕೆಸರು ಮೆತ್ತುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿ ಬಿಟ್ಟು ಹುಡುಗರ ಪಾದ ಹಿಡಿಯುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಮಾತ್ರ ನೆಲ ನಮ್ಮ ಮಾತು ಕೇಳುತ್ತದೆ. ವಲಯ ಮಟ್ಟದ ಕ್ರೀಡಾಕೂಟ ಬರುವುದು ಮಾತ್ರ ಆಗಸ್ಟ್ ಹೊತ್ತಿಗೆ, ಸರಿಯಾಗಿ ಕೆಸರಿನಲ್ಲಿ!

ನಾನು ಇಲ್ಲಿಗೆ ದೈಹಿಕ ಶಿಕ್ಷಣದ (ಪಿಇ) ಮಾಸ್ತರನಾಗಿ ಬಂದ ಮೊದಲ ವರ್ಷ ಒಂದು ತಪ್ಪು ಮಾಡಿದೆ. ಉದ್ದ ಜಿಗಿತದ ಗುಂಡಿಯಲ್ಲಿ ಹಿಂದಿನ ವರ್ಷದ ಮರಳು ಹಾಗೇ ಇತ್ತು. ಮೇಲೆ ನೋಡಿದರೆ ಮರಳು, ಒಳಗೆ ಕಲ್ಲಿನಂತೆ ಗಟ್ಟಿ. ಸಲಿಕೆ ಹಿಡಿದು ಅಗೆಸುವುದು ಹತ್ತು ನಿಮಿಷದ ಕೆಲಸ. ಅಗೆಸಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಚೆನ್ನಾಗಿಯೇ ಹಾರಿದ, ಹಿಂದಕ್ಕೆ ವಾಲಿದ, ಎರಡೂ ಕೈ ಹಿಂದೆ ಊರಿದ. ಬಲಗೈ ಮಣಿಕಟ್ಟು ಮುರಿಯಿತು. ಅವರಪ್ಪ ಎಲುಬು ಕಟ್ಟುವವರ ಹತ್ತಿರ ಒಯ್ಯುತ್ತೇನೆ ಅಂದರು. ನಾನು ಕೈಮುಗಿದು ಜಮಖಂಡಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಆ ಕಬ್ಬಿನ ಹಂಗಾಮಿನಲ್ಲಿ ಆ ಮನೆಗೆ ಎರಡು ಕೈ ಕಡಿಮೆಯಾದವು.

ಆ ರಾತ್ರಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ವಹಿ ತೆಗೆದು ಕೂತೆ. ನನಗಿಂತ ಮುಂಚೆ ಇದ್ದ ಮಾಸ್ತರು ಯಾರಿಗೆ ಏನಾಯಿತು ಅಂತ ನೀಟಾಗಿ ಬರೆದಿಟ್ಟಿದ್ದರು. ಓಡಿ ಗಾಯ ಮಾಡಿಕೊಂಡವರು ಕಡಿಮೆ. ಹಾರಿ ಗಾಯ ಮಾಡಿಕೊಂಡವರೂ ಕಡಿಮೆ. ಪೆಟ್ಟು ಬಿದ್ದದ್ದು ಹೆಚ್ಚಾಗಿ ನೆಲಕ್ಕೆ ಬರುವಾಗ. ಕಬಡ್ಡಿ, ಹೈಜಂಪ್, ಸುಮ್ನೆ ಬೆನ್ನಟ್ಟುವ ಆಟ, ಎಲ್ಲದರಲ್ಲೂ ಅದೇ. ತರಬೇತಿಯಲ್ಲಿ ನನಗೆ ಓಟದ ಪಥದ ಲೆಕ್ಕ ಕಲಿಸಿದ್ದರು. 200 ಮೀಟರ್ ಟ್ರ್ಯಾಕ್‌ಗೆ ನೇರ ಭಾಗ 40 ಮೀಟರ್ ಇಟ್ಟರೆ ಓಟದ ತ್ರಿಜ್ಯ 19.10 ಮೀಟರ್ ಅಂತ ನಿದ್ದೆಯಲ್ಲೂ ಹೇಳುತ್ತೇನೆ. ಬೀಳುವುದನ್ನು ಕಲಿಸುವುದು ಹೇಗೆ ಅಂತ ಒಂದು ಪೀರಿಯಡ್ ಕೂಡ ಇದ್ದ ನೆನಪಿಲ್ಲ.

ಮರುವರ್ಷ ಜೂನ್‌ನಲ್ಲಿ ಪಾಠದ ಕ್ರಮವನ್ನೇ ಬದಲಿಸಿದೆ. ಮೊದಲ ಆರು ವಾರ ಗೆಲ್ಲುವ ಮಾತೇ ಇಲ್ಲ. ಬೀಳುವುದು, ಉರುಳುವುದು, ಏಳುವುದು ಅಷ್ಟೇ. ಅಥ್ಲೆಟಿಕ್ಸ್, ಜಿಮ್ನಾಸ್ಟಿಕ್ಸ್, ಕರಾಟೆ ಅಂತ ಮೂರು ಬೇರೆ ಡಬ್ಬಿ ಮಾಡದೆ, ಮೂರಕ್ಕೂ ಇದೇ ಬುಡ ಅಂದುಕೊಂಡೆ.

ಮ್ಯಾಟ್ ಎಲ್ಲಿಂದ ತರುವುದು? ಜಿಮ್ನಾಸ್ಟಿಕ್ಸ್ ಮ್ಯಾಟಿನ ಬೆಲೆ ಕೇಳಿ ಫೋನ್ ಇಟ್ಟೆ. ಆಮೇಲೆ ಮಕ್ಕಳಿಗೆ ಹೇಳಿದೆ: ಮನೆಯಲ್ಲಿ ಹರಿದ ಕೌದಿ ಇದ್ದರೆ ತನ್ನಿ. ಒಂದು ವಾರದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಕೌದಿ ಬಂದವು, ಅಜ್ಜಿಯರ ಹಳೆ ಸೀರೆಗಳ ವಾಸನೆ ಸಮೇತ. ಗೊಬ್ಬರದ ಖಾಲಿ ಚೀಲ ಚೆನ್ನಾಗಿ ತೊಳೆಸಿ ಒಳಗೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ತುಂಬಿದೆವು. ಕೆಳಗೆ ಚೀಲ, ಮೇಲೆ ಮೂರು ಪದರ ಕೌದಿ, ಅದರ ಮೇಲೆ ಬಿಗಿಯಾಗಿ ತಾಡಪಾಲು. ಚೀಲದ ನಡುವೆ ಸಂದು ಬಿಟ್ಟರೆ ಕುತ್ತಿಗೆ ಅಲ್ಲೇ ಸಿಕ್ಕುತ್ತದೆ, ಅದಕ್ಕೆ ದಬ್ಬಣದಿಂದ ಒಂದಕ್ಕೊಂದು ಹೊಲಿಸಿದೆ. ಇಷ್ಟು ಮೆತ್ತೆ ಉರುಳುವುದಕ್ಕೆ ಸಾಕು. ಎತ್ತರದಿಂದ ಬೀಳುವುದಕ್ಕೆ ಖಂಡಿತ ಸಾಲದು. ಆದ್ದರಿಂದ ನಾನು ಹೈಜಂಪ್‌ನಲ್ಲಿ ಒಂದಾದ ಮೇಲೊಂದು ಕಾಲು ಎತ್ತಿ ದಾಟುವ ಕತ್ತರಿ ಜಿಗಿತ ಬಿಟ್ಟು ಬೇರೆ ಕಲಿಸುವುದಿಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನಿನ ಮೇಲೆ ಹಾರಿ ಚಿನ್ನ ಗೆದ್ದ ನಿಜ. ಅವನ ಕೆಳಗೆ ದಪ್ಪ ಫೋಮ್ ಇತ್ತು. ಮೊಬೈಲಿನಲ್ಲಿ ನೋಡಿ ಬರುವ ಹುಡುಗರಿಗೆ ಪ್ರತಿ ವರ್ಷ ಇದನ್ನು ಹೇಳಬೇಕಾಗುತ್ತದೆ. ಮರಳಿನಲ್ಲಿ ಕತ್ತರಿ ಜಿಗಿದರೆ ಕಾಲ ಮೇಲೆ ಇಳಿಯುತ್ತೀಯ. ಫಾಸ್ಬರಿಯಂತೆ ಹಾರಿದರೆ ಕುತ್ತಿಗೆ ಮೇಲೆ ಇಳಿಯುತ್ತೀಯ.

ಇನ್ನು ಲಾಗ. ನಮ್ಮ ಮಕ್ಕಳಿಗೆ ಲಾಗ ಹೊಸದಲ್ಲ. ಕಣಿಕೆ ಬಣವೆ ಮೇಲಿಂದ, ಹೊಳೆ ದಂಡೆ ಮೇಲಿಂದ ಹಾಕಿಯೇ ಬೆಳೆದವರು. ತೊಂದರೆ ಇರುವುದು ಅವರು ನೆತ್ತಿ ಊರಿ ಹಾಕುವುದರಲ್ಲಿ. ಮೈಯ ಭಾರವೆಲ್ಲ ಕುತ್ತಿಗೆಗೆ. ಇದನ್ನು ಬಿಡಿಸಲು ನಾನು ತುಂಬ ಒದ್ದಾಡಿದೆ. 'ತಲೆ ಒಳಗೆ ತಗೋ' ಅಂದರೆ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಅಂಗಳದ ಬೇವಿನ ಗಿಡದಿಂದ ಒಂದೊಂದು ಎಲೆ ಕೀಳಿಸಿ, ಗದ್ದ ಮತ್ತು ಎದೆಯ ನಡುವೆ ಹಿಡಿದುಕೊಳ್ಳಿ ಅಂದೆ. 'ಗದ್ದ ಎದೆಗೆ ಹಚ್ಚು. ಎದ್ದು ನಿಂತಾಗ ಎಲೆ ಅಲ್ಲೇ ಇರಬೇಕು.' ಎಲೆ ಬಿತ್ತು ಅಂದರೆ ತಲೆ ಎತ್ತಿದ್ದೀಯ ಅಂತಲೇ ಲೆಕ್ಕ. ನಾನು ಬೈಯಬೇಕಿಲ್ಲ, ಎಲೆಯೇ ಹೇಳುತ್ತದೆ.

ಮೊದಲ ದಿನ ಕುಕ್ಕರುಗಾಲಲ್ಲಿ ಕೂತು ಮೊಣಕಾಲು ತಬ್ಬಿಕೊಂಡು ಬೆನ್ನ ಮೇಲೆ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವುದು, ಅಷ್ಟೇ. ಬೆನ್ನು ಗುಂಡಗಾಗದಿದ್ದರೆ ದಬ್ ಅಂತ ಸದ್ದು ಬರುತ್ತದೆ. ಮೂರ್ನಾಲ್ಕು ದಿನವಾದ ಮೇಲೆ ಇಳಿಜಾರು. ಹಳೆ ಕಟ್ಟಿಗೆಯ ಕರಿಹಲಗೆಯ ಒಂದು ತುದಿಗೆ ಎರಡು ಇಟ್ಟಿಗೆ ಕೊಟ್ಟು ಮೇಲೆ ಕೌದಿ ಹಾಸಿದೆ. ಇಳಿಜಾರಿನಲ್ಲಿ ನೆಲವೇ ಉರುಳಿಸುತ್ತದೆ, ಮೈ ದಪ್ಪಗಿರುವ ಮಕ್ಕಳಿಗೂ ಮೊದಲ ಸಲವೇ ಬರುತ್ತದೆ. ಕೈ ಹೆಗಲಗಲಕ್ಕೆ ಊರು, ಕುಂಡೆ ಎತ್ತು, ನಿನ್ನ ಹೊಟ್ಟೆ ನೋಡು, ಕಾಲಿಂದ ತಳ್ಳು. ನೆಲಕ್ಕೆ ತಾಕಬೇಕಾದ್ದು ನೆತ್ತಿಯಲ್ಲ, ಹೆಗಲ ಹಿಂಭಾಗ. ಕೊನೆಗೆ ಏಳಲಾಗದೆ ಅಂಗಾತ ಬೀಳುವವರು ಹಿಮ್ಮಡಿಯನ್ನು ಕುಂಡೆಯಿಂದ ದೂರ ಚಾಚಿರುತ್ತಾರೆ. ಹಿಮ್ಮಡಿ ಹತ್ತಿರ ಎಳೆದುಕೊಂಡರೆ ತಾನಾಗಿ ಏಳುತ್ತಾರೆ.

ತಲೆಯ ಮೇಲಿಂದ ಹಿಂದಕ್ಕೆ ಹಾಕುವ ಲಾಗವನ್ನು ನಾನು ಎಲ್ಲರಿಗೂ ಕಲಿಸುವುದಿಲ್ಲ. ತೋಳಿನಲ್ಲಿ ತಳ್ಳುವ ಶಕ್ತಿ ಇಲ್ಲದವರಿಗೆ ಅದು ಕುತ್ತಿಗೆಯ ಪರೀಕ್ಷೆ. ಬದಲಿಗೆ ಒಂದು ಹೆಗಲ ಮೇಲಿಂದ ಓರೆಯಾಗಿ ಹಿಂದೆ ಉರುಳುವುದು. ನೋಡಲು ಅಷ್ಟು ಚಂದ ಇಲ್ಲ, ಬಹುಮಾನವೂ ಬರುವುದಿಲ್ಲ. ಇರಲಿ.

ಬಳೆಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳ ಕೈಯಲ್ಲಿ ಗಾಜಿನ ಬಳೆ. ತೆಗೆಯಿರಿ ಅಂದೆ. ಮರುದಿನ ಇಬ್ಬರು ಅಜ್ಜಿಯರು ಶಾಲೆಗೇ ಬಂದರು. 'ಬರಿಗೈಲೆ ಇರಬಾರದ್ರಿ ಸರ, ಹೆಣ್ಣುಕೂಸು.' ವಾದ ಮಾಡಿ ಉಪಯೋಗವಿಲ್ಲ. ಹಳೆ ಕಾಲುಚೀಲದ ತುದಿ ಕತ್ತರಿಸಿ ಬಳೆಗಳ ಮೇಲೆ ಬಿಗಿಯಾಗಿ ಹಾಕುವ ಉಪಾಯ ಮಾಡಿದೆ. ಅಜ್ಜಿಯರು ಒಪ್ಪಿದರು. ಕೆಲವು ಹುಡುಗಿಯರು ಒಂದೊಂದೇ ಬಳೆ ಉಳಿಸಿಕೊಂಡು ಬರತೊಡಗಿದರು, ಅದನ್ನು ನಾನು ಕೇಳಲಿಲ್ಲ. ಹುಡುಗರ ಜೇಬಿನ ಪೆನ್ನೂ ಅಷ್ಟೇ ಅಪಾಯ. ಪೀರಿಯಡ್ ಶುರುವಾದರೆ ಜೇಬು ಖಾಲಿ, ಇದು ಕಟ್ಟುನಿಟ್ಟು.

ಇನ್ನೊಂದು, ಮುಟ್ಟುವ ವಿಷಯ. ಲಾಗ, ಕೈ ಮೇಲೆ ನಿಲ್ಲುವುದು, ಇವಕ್ಕೆಲ್ಲ ಆಸರೆ ಹಿಡಿಯುವವರು ಬೇಕು. ನಾನು ಗಂಡಸು. ಹುಡುಗಿಯರಿಗೆ ನಾನೇ ಆಸರೆ ಹಿಡಿಯುವುದು ಅವರಿಗೂ ಮುಜುಗರ, ನನಗೂ. ಹತ್ತನೇ ಕ್ಲಾಸಿನ ಆರು ಹುಡುಗಿಯರಿಗೆ ಮೊದಲು ಆಸರೆ ಹಿಡಿಯುವುದನ್ನೇ ಕಲಿಸಿದೆ. ಒಂದು ಕೈ ತೊಡೆಯ ಹಿಂದೆ, ಒಂದು ಕೈ ಹೆಗಲಿನ ಹತ್ತಿರ, ಕುತ್ತಿಗೆಯನ್ನು ಎಂದೂ ಒತ್ತಬಾರದು. ಈಗ ಅವರು ನನಗಿಂತ ಚೆನ್ನಾಗಿ ತಪ್ಪು ಹಿಡಿಯುತ್ತಾರೆ. 'ಇವತ್ತು ಆಗಲ್ಲ ಸರ್' ಅಂದ ಹುಡುಗಿಗೆ ಯಾಕೆ ಅಂತ ಕೇಳುವುದಿಲ್ಲ. ಅವಳು ಆ ದಿನ ಎಲೆ ಲೆಕ್ಕ ಇಡುತ್ತಾಳೆ.

ಬೀಳುವ ವಿದ್ಯೆ ಕಲಿಯಲು ನಾನು ಹೋದದ್ದು ಊರ ಗರಡಿ ಮನೆಗೆ. ಜಾತ್ರೆ ಕುಸ್ತಿ ಆಡಿ ಕಿವಿ ಮುದುರಿಸಿಕೊಂಡ ವಸ್ತಾದ ಅಜ್ಜ ಅಲ್ಲಿದ್ದಾರೆ. ಗರಡಿಯ ಕೆಂಪು ಮಣ್ಣು ನೋಡಬೇಕು ನೀವು. ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ದಿನಾ ಸಲಿಕೆಯಿಂದ ತಿರುವಿ ಹಾಕುತ್ತಾರೆ. ಅಗೆಯುವುದೂ ಪೈಲ್ವಾನರಿಗೆ ಒಂದು ಕಸರತ್ತು. ಧೋಬಿ ಪಚಾಡ ಅನ್ನುವ ಕುಸ್ತಿ ಪಟ್ಟಿನಲ್ಲಿ ಎತ್ತಿ ಒಗೆದರೂ ಹುಡುಗ ನಗುತ್ತ ಏಳುವುದು ಈ ಮಣ್ಣಿನಿಂದ. ಅಜ್ಜನಿಗೆ ಹೇಳಿದೆ, ನಮ್ಮ ಹುಡುಗಿಯರಿಗೂ ಕಲಿಸಬೇಕು ಅಂತ. ಅವರು ಗರಡಿಯ ಹನುಮಪ್ಪ ದೇವರ ಕಡೆ ನೋಡಿದರು. 'ಮಣ್ಣ ಬೇಕಾದ್ರ ಒಯ್ಯಿರಿ ಮಾಸ್ತರ್, ಒಳಗ ಮಾತ್ರ ಬ್ಯಾಡ.' ನನಗೆ ಸಿಟ್ಟು ಬಂತು, ಆದರೆ ಮಣ್ಣು ಬಿಡಲಿಲ್ಲ. ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ಶಾಲೆಯ ಹಿಂದೆ ಗುಂಡಿ ಮಾಡಿದೆವು, ಮೇಲೆ ಗರಡಿಯ ನಾಲ್ಕು ಬುಟ್ಟಿ ಮಣ್ಣು. ಮೂರನೇ ದಿನ ಅಜ್ಜ ತಾವೇ ಬಂದು ನಿಂತರು. ಗುಂಡಿಯಲ್ಲಿ ಕೈ ಹಾಕಿ ಹಿಸುಕಿ, 'ನೀರ ಕಡಿಮಿ ಆಗೇತಿ' ಅಂದರು. ಅಂದಿನಿಂದ ವಾರಕ್ಕೊಮ್ಮೆ ಬರುತ್ತಾರೆ.

ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಜೂಡೊ ಶುರು ಮಾಡಿದರು. ಇವತ್ತಿಗೂ ಜೂಡೊ ಕಲಿಯುವವರು ಎದುರಾಳಿಯನ್ನು ಎಸೆಯುವುದಕ್ಕಿಂತ ಮೊದಲು ತಾವು ಬೀಳುವುದನ್ನು ಕಲಿಯುತ್ತಾರೆ. ನಾನು ಆ ಕ್ರಮವನ್ನೇ ಹಿಡಿದೆ. ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ಕುಕ್ಕರುಗಾಲಲ್ಲಿ, ಕೊನೆಗೆ ನಿಂತು. ಬೀಳುವಾಗ ಅಂಗೈಯಿಂದ ಮೊಣಕೈವರೆಗೆ ಇಡೀ ತೋಳನ್ನು ಒಟ್ಟಿಗೆ ನೆಲಕ್ಕೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಕೈ ಚಾಚಿ ಊರಿದರೆ ಮಣಿಕಟ್ಟೋ ಕೊರಳ ಎಲುಬೋ ಮುರಿಯುತ್ತದೆ. ಇಡೀ ತೋಳು ಬಡಿದರೆ ಪೆಟ್ಟು ಹಂಚಿಹೋಗುತ್ತದೆ. ಹುಡುಗರು ಬೆರಳು ಅಗಲಿಸಿಕೊಂಡು ಬಡಿಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಮೊದಲ ಸಲವೇ ಸರಿಯಾಗಿ ಬಡಿದಳು. ಹೇಗೆ ಅಂದರೆ, 'ರೊಟ್ಟಿ ಬಡದ್ಹಂಗ ಅಲ್ರಿ ಸರ್?' ಅಂದಳು. ಹೌದಲ್ವಾ! ಜೋಳದ ರೊಟ್ಟಿ ಬಡಿಯುವಾಗ ಬೆರಳು ಕೂಡಿರುತ್ತವೆ, ಅಂಗೈ ಚಪ್ಪಟೆ ಬೀಳುತ್ತದೆ. ಆ ದಿನದಿಂದ ನಮ್ಮಲ್ಲಿ ಅದಕ್ಕೆ ಹೆಸರೇ ರೊಟ್ಟಿ ಬಡಿಯುವುದು. ಹುಡುಗರಿಗೆ ಮನೆಯಲ್ಲಿ ಎರಡು ರೊಟ್ಟಿ ಬಡಿದು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟೆ. ತಾಯಂದಿರು ನಕ್ಕರಂತೆ.

ಸರ್ಕಾರದ ಆತ್ಮರಕ್ಷಣೆ ತರಬೇತಿಯಲ್ಲಿ ಕರಾಟೆ ಕಲಿಸುವವರು ಬಂದರು, ಮೂರು ತಿಂಗಳಿಗೆ. ಗುದ್ದು, ಒದೆತ, ಸಾಲಾಗಿ ನಿಂತು 'ಹಾಯ್' ಅನ್ನುವುದು. ಸ್ವಾತಂತ್ರ್ಯ ದಿನಕ್ಕೆ ಚಂದ ಕಾಣುತ್ತದೆ. ಶಿಸ್ತು ಬಂತು, ದನಿ ಬಂತು, ಅದಕ್ಕೆ ನಾನು ಋಣಿ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕೈ ಹಿಡಿದವನಿಗೆ ಹುಡುಗಿ ಸಾಲಾಗಿ ನಿಂತು ಒದೆಯುವುದಿಲ್ಲ. ಅವರು ಹೋದ ಮೇಲೆ ನಾನು ಉಳಿಸಿಕೊಂಡದ್ದು ಮೂರೇ. ಹಿಡಿದ ಮುಷ್ಟಿಯಲ್ಲಿ ಹೆಬ್ಬೆರಳ ಕಡೆಯೇ ಸಡಿಲು, ಆ ಕಡೆಗೆ ಮಣಿಕಟ್ಟು ತಿರುವಿ ಎಳೆದುಕೊಳ್ಳುವುದು. ಗಂಟಲು ಹರಿಯುವಂತೆ ಕೂಗುವುದು. ತಳ್ಳಿದರೆ ರೊಟ್ಟಿ ಬಡಿದು ಉರುಳಿ ಎದ್ದು ಓಡುವುದು. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಲಿ, ಒಳಗಿಟ್ಟು ಗುದ್ದಿದರೆ ಮುರಿಯುವುದು ನಿನ್ನದೇ.

ಅಥ್ಲೆಟಿಕ್ಸ್‌ಗೆ ಇದರಿಂದ ಏನಾಯಿತು? ಉದ್ದ ಜಿಗಿತದಲ್ಲಿ ಅಳತೆ ಹಿಡಿಯುವುದು ಹಲಗೆಗೆ ಅತಿ ಹತ್ತಿರದ ಗುರುತಿಗೆ. ಕಾಲು ಎಷ್ಟೇ ಮುಂದೆ ಬಿದ್ದರೂ ಕೈ ಹಿಂದೆ ಊರಿದರೆ ಅಷ್ಟು ಕಳೆದುಕೊಂಡೆ. ಮೊಣಕಾಲು ಮಡಚಿ ಕುಂಡೆಯನ್ನು ಹಿಮ್ಮಡಿ ದಾಟಿಸಿ ಪಕ್ಕಕ್ಕೆ ಉರುಳುವುದು ನಮ್ಮ ಮಕ್ಕಳಿಗೆ ಸಲೀಸಾಯಿತು. ಓಟದ ಶುರುವನ್ನೂ ಬೀಳುವುದರಿಂದಲೇ ಕಲಿಸುತ್ತೇನೆ. ನೆಟ್ಟಗೆ ನಿಂತು ಮೈಯನ್ನು ಮುಂದೆ ವಾಲಿಸುತ್ತ ಹೋಗು, ಇನ್ನೇನು ಬಿದ್ದೆ ಅನ್ನುವಾಗ ಓಡು. ಬೀಳುವ ಹೆದರಿಕೆ ಹೋದವರು ಮಾತ್ರ ಪೂರ್ತಿ ವಾಲುತ್ತಾರೆ. ಗುಂಡು ಎಸೆತದಲ್ಲಿ ಬೀಳುವ ಪಾಠಕ್ಕೆ ಕೆಲಸವಿಲ್ಲ. ಅಲ್ಲಿ ಬರೀ ಒಂದೇ ಜಗಳ: ಅದು ಎಸೆಯುವುದಲ್ಲಪ್ಪ, ಕುತ್ತಿಗೆಯ ಬಳಿಯಿಂದ ತಳ್ಳುವುದು. ಕ್ರಿಕೆಟ್ ಚೆಂಡಿನಂತೆ ಎಸೆದರೆ ಮೊಣಕೈ ಹೋಗುತ್ತದೆ, ಫೌಲ್ ಬೇರೆ. ವಲಯದ ಮೈದಾನದಲ್ಲಿ ಗುಂಡು ಬೀಳುವ ಜಾಗದ ಗೆರೆ ಎಳೆಯಲು ಕೋನಮಾಪಕ ಹುಡುಕಬೇಡಿ. ವೃತ್ತದ ನಡುವಿನಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್ ಇಟ್ಟರೆ 34.92 ಡಿಗ್ರಿ ತಾನೇ ಬರುತ್ತದೆ.

ಅರವತ್ತು ಮಕ್ಕಳು, ನಲವತ್ತು ನಿಮಿಷ, ಒಂದೇ ಮೆತ್ತೆ. ಇದು ಇನ್ನೂ ಬಗೆಹರಿದಿಲ್ಲ. ನಾಲ್ಕು ಗುಂಪು ಮಾಡಿ ತಿರುಗಿಸುತ್ತೇನೆ: ಕೌದಿ, ಕೆಂಪು ಗುಂಡಿ, ಮರಳು ಗುಂಡಿ, ಓಟ. ಗಣಿತದ ಸರ್ ಪೀರಿಯಡ್ ಕೇಳಿ ಒಯ್ದ ವಾರ ಎಲ್ಲ ಕೆಡುತ್ತದೆ. ಇಲಿಗಳು ಎರಡು ಕೌದಿ ತಿಂದಿವೆ. ಈಗ ತೊಲೆಗೆ ಕಟ್ಟಿ ನೇತುಹಾಕುತ್ತೇವೆ.

ಹೋದ ತಿಂಗಳು ವಲಯದ ಕೂಟ ಇತ್ತು. ಎಂದಿನಂತೆ ಕೆಸರು. ಸುಣ್ಣದ ಪುಡಿಯ ಬುಟ್ಟಿ ಹಿಡಿದು ಗೆರೆ ಹಾಕುತ್ತ ಅವಸರದಲ್ಲಿ ಹೋಗುತ್ತಿದ್ದೆ, ಕಾಲು ಜಾರಿತು. ಇಷ್ಟು ವರ್ಷ ಕಲಿಸಿದವನು ನಾನು, ಎರಡೂ ಕೈ ಹಿಂದೆ ಊರಿಯೇ ಬಿದ್ದೆ. ಬಲ ಮಣಿಕಟ್ಟಿನಲ್ಲಿ ಸಣ್ಣ ಬಿರುಕು. ನಮ್ಮ ಎಂಟನೇ ಕ್ಲಾಸಿನ ಹುಡುಗಿಯರು ಓಡಿ ಬಂದು ಎತ್ತಿದರು, ಒಬ್ಬಳು ಮೈಮೇಲಿನ ಸುಣ್ಣ ಕೊಡವುತ್ತ ನನಗೇ ಹೇಳಿದಳು, 'ಗದ್ದ ಎದಿಗೆ ಹಚ್ಚಬೇಕಿತ್ತ್ರಿ ಸರ್.' ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರ ಇದೆ. ಅಲ್ಲಿವರೆಗೆ ಗುಂಡಿ ಅಗೆಯುವ ಕೆಲಸ ವಸ್ತಾದ ಅಜ್ಜ ವಹಿಸಿಕೊಂಡಿದ್ದಾರೆ, ಮತ್ತು ನನ್ನನ್ನು ದಂಡೆಯ ಮೇಲೆ ಕೂರಿಸಿ ಎಲೆ ಲೆಕ್ಕ ಇಡಲು ಹಚ್ಚಿದ್ದಾರೆ.